ಹಾವಿನ ಕಾಲು, ಮಗುವಿನ ಬೆರಳು



2025ರ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಒಂದನೆಯ ತರಗತಿಗೆ ಸೇರಿದ ಹೆಣ್ಣುಮಗುವೊಂದು ತನ್ನ ಬಲಗೈಯನ್ನು ಸದಾ ಲಂಗದ ಮಡಿಕೆಯೊಳಗೆ ಮುಚ್ಚಿಟ್ಟುಕೊಳ್ಳುತ್ತಿತ್ತು. ಹೆಬ್ಬೆರಳಿನ ಬದಿಯಲ್ಲಿ ಇನ್ನೊಂದು ಪುಟ್ಟ ಬೆರಳು. ಅದಕ್ಕೂ ಒಂದು ಉಗುರು. ಶಾಲೆಗೆ ಸೇರಿಸಲು ಬಂದ ಅಜ್ಜಿ, ನಾವು ಕೇಳುವುದಕ್ಕೆ ಮೊದಲೇ ಕಾರಣವನ್ನೂ ಹೇಳಿಬಿಟ್ಟರು. "ಗ್ರಹಣದ ದಿನ ಇವಳ ತಾಯಿ ಒಳಗೆ ಕೂತುಕೊಳ್ಳಲಿಲ್ಲ ಮಾಷ್ಟ್ರೇ. ಆಗ ಏಳು ತಿಂಗಳು. ಎಷ್ಟು ಹೇಳಿದರೂ ಕೇಳದೆ ಸೌತೆಕಾಯಿ ಹೆಚ್ಚಿದಳು." ಬಾಗಿಲಲ್ಲಿ ನಿಂತಿದ್ದ ತಾಯಿ ತಲೆಯೆತ್ತಲಿಲ್ಲ. ಅವರು ಹೇಳಿದ್ದು 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣವನ್ನು. ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಜನರು ಗುಂಪುಗೂಡಿ ನೋಡಿದ ಗ್ರಹಣವದು. ಐದು ವರ್ಷಗಳಿಂದಲೂ ಆ ತಾಯಿ ಈ ಮಾತನ್ನು ಹೊತ್ತುಕೊಂಡೇ ಬಂದಿರಬೇಕು.

ಆ ದಿನ ನಾವು ಹೇಳಿದ್ದು ಇಷ್ಟೆ. ಗರ್ಭದಲ್ಲಿ ಕೈಯ ಮೊಗ್ಗು ಮೂಡುವುದು ನಾಲ್ಕನೆಯ ವಾರದ ಸುಮಾರಿಗೆ. ಎಂಟನೆಯ ವಾರ ಮುಗಿಯುವ ಹೊತ್ತಿಗೆ ಬೆರಳುಗಳು ಬಿಡಿಬಿಡಿಯಾಗಿ ನಿಂತಿರುತ್ತವೆ. ತಿಂಗಳುಗಳ ಹಿಂದೆಯೇ ಮುಗಿದುಹೋದ ಕೆಲಸವನ್ನು ಏಳನೆಯ ತಿಂಗಳಿನ ಗ್ರಹಣವು ಕೆಡಿಸುವುದು ಹೇಗೆ? ಅಜ್ಜಿಯವರು ಸುಮ್ಮನಾದರೇ ಹೊರತು ಒಪ್ಪಲಿಲ್ಲ. "ಹಾಗಾದರೆ ಯಾಕೆ ಬಂತು?" ಎಂದರು. ನ್ಯಾಯವಾದ ಪ್ರಶ್ನೆ. ಉತ್ತರವನ್ನು ಅರಸುತ್ತ ಹೋದ ನಮಗೆ ದಾರಿಯಲ್ಲಿ ಚಿಂಪಾಂಜಿ, ಇಲಿ, ಬೆಕ್ಕು, ಕೊನೆಗೆ ಕಾಳಿಂಗಸರ್ಪವೂ ಎದುರಾದವು.

ಜೀವಿಯ ಪ್ರತಿಯೊಂದು ಕೋಶದಲ್ಲಿಯೂ ಡಿ.ಎನ್.ಎ. ಎಂಬ ನೂಲಿನ ಮೇಲೆ ಬರೆದಿಟ್ಟ ಒಂದು ಗ್ರಂಥವಿದೆ ಎಂದು ಓದುಗರು ಕೇಳಿಯೇ ಇದ್ದೀರಿ. ಅದರಲ್ಲಿರುವುದು ನಾಲ್ಕೇ ಅಕ್ಷರ. ಮನುಷ್ಯನಲ್ಲಿ ಅವುಗಳ ಸಾಲು ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದ. ಪ್ರೋಟೀನನ್ನು ತಯಾರಿಸಲು ಸೂಚನೆ ಕೊಡುವ ತುಣುಕುಗಳಿಗೆ ಜೀನುಗಳೆಂದು ಹೆಸರು. ಮನುಷ್ಯನಲ್ಲಿ ಇಂಥ ಜೀನುಗಳು ಲಕ್ಷದಷ್ಟು ಇರಬಹುದೆಂದು ಒಂದು ಕಾಲದಲ್ಲಿ ವಿದ್ವಾಂಸರು ಎಣಿಸಿದ್ದರು. 2001ರಲ್ಲಿ ಮೊದಲ ಕರಡು ಪ್ರಕಟವಾದಾಗ ಆ ಅಭಿಮಾನಕ್ಕೆ ಪೆಟ್ಟು ಬಿತ್ತು. ಈಗಿನ ಲೆಕ್ಕ ಸುಮಾರು 20,000. ಇಲಿಗೂ ಹೆಚ್ಚುಕಡಿಮೆ ಅಷ್ಟೇ. ಮಣ್ಣಿನಲ್ಲಿರುವ ಒಂದು ಮಿಲಿಮೀಟರಿನ ಹುಳುವಿಗೂ ಹೆಚ್ಚುಕಡಿಮೆ ಅಷ್ಟೇ!

ಹಾಗಾದರೆ ಇಲಿ ಇಲಿಯೂ, ಮನುಷ್ಯ ಮನುಷ್ಯನೂ ಆಗುವುದು ಹೇಗೆ? 1975ರಲ್ಲಿ ಕ್ಯಾಲಿಫೋರ್ನಿಯದ ಮೇರಿ-ಕ್ಲೇರ್ ಕಿಂಗ್ ಮತ್ತು ಅಲನ್ ವಿಲ್ಸನ್ ಎಂಬ ವಿಜ್ಞಾನಿಗಳು ಮನುಷ್ಯನ ಮತ್ತು ಚಿಂಪಾಂಜಿಯ ಪ್ರೋಟೀನುಗಳನ್ನು ಹೋಲಿಸಿ ನೋಡಿದರು. ಅವು ಶೇಕಡಾ 99ಕ್ಕೂ ಮಿಕ್ಕಿ ಒಂದೇ ಆಗಿದ್ದವು. ಸಾಮಗ್ರಿ ಒಂದೇ ಆಗಿರುವಾಗ ವ್ಯತ್ಯಾಸವು ಅದನ್ನು ಯಾವಾಗ, ಎಲ್ಲಿ, ಎಷ್ಟು ಬಳಸಬೇಕೆಂಬ ಆಜ್ಞೆಯಲ್ಲಿರಬೇಕೆಂದು ಅವರು ತರ್ಕಿಸಿದರು. ಜೀನು ಹೀಗೆ ಎಚ್ಚೆತ್ತು ಕೆಲಸಕ್ಕೆ ತೊಡಗುವುದನ್ನೇ ಜೀನಿನ ಅಭಿವ್ಯಕ್ತಿ ಎನ್ನುತ್ತಾರೆ.

ಈಗ ಬೆರಳಿಗೆ ಬರೋಣ. 'ಸೋನಿಕ್ ಹೆಜ್‌ಹಾಗ್' ಎಂಬುದೊಂದು ಜೀನು. ಹೆಸರು ವಿಚಿತ್ರವಾಗಿದೆ, ಅದು ಮಕ್ಕಳ ವೀಡಿಯೊ ಆಟದ ಒಂದು ಪಾತ್ರದ ಹೆಸರು. ವಿಜ್ಞಾನಿಗಳಿಗೂ ಹುಡುಗಾಟಿಕೆ ಇರುತ್ತದೆ, ಇರಲಿ. ಭ್ರೂಣದಲ್ಲಿ ಮಿದುಳು, ಬೆನ್ನುಹುರಿ ಮೊದಲಾದವುಗಳ ರಚನೆಗೂ ಈ ಜೀನೇ ಬೇಕು, ಕೈಕಾಲುಗಳಿಗೂ ಇದೇ ಬೇಕು. ಕೈಯ ಮೊಗ್ಗಿನಲ್ಲಿ ಇದು ಎಚ್ಚೆತ್ತುಕೊಳ್ಳುವುದು ಕಿರುಬೆರಳಿನ ಅಂಚಿನಲ್ಲಿ ಮಾತ್ರ. ಅಲ್ಲಿಂದ ಹರಡುವ ಪ್ರೋಟೀನನ್ನು ಅನುಸರಿಸಿಯೇ ಯಾವ ಬೆರಳು ಎಲ್ಲಿ ಎಂಬುದು ನಿರ್ಣಯವಾಗುತ್ತದೆ.

ತೋಟವಿರುವ ಓದುಗರಿಗೆ ಒಂದು ಹೋಲಿಕೆ ಕೊಡಬಹುದು. ತೋಟದ ಬಾವಿಯಲ್ಲಿ ಪಂಪು ಇದೆ. ಅದರ ಸ್ವಿಚ್ಚು ಮಾತ್ರ ದೂರದಲ್ಲಿದೆ. ಈ ಜೀನಿನ ಸಂಗತಿಯೂ ಹಾಗೆಯೇ. ಕೈಕಾಲುಗಳಲ್ಲಿ ಅದನ್ನು ಎಚ್ಚರಿಸುವ ಸ್ವಿಚ್ಚು ಸುಮಾರು 10 ಲಕ್ಷ ಅಕ್ಷರಗಳ ಆಚೆಗೆ, ಅದೂ ಬೇರೊಂದು ಜೀನಿನ ನಡುವೆ ಇದೆ. ಪಂಪು ನಮ್ಮದು, ಸ್ವಿಚ್ಚು ನೆರೆಮನೆಯ ಜಗಲಿಯಲ್ಲಿ ಎಂದಂತಾಯಿತು! ಮಿದುಳಿಗೆ ಬೇರೆ ಸ್ವಿಚ್ಚು, ಕೈಕಾಲಿಗೆ ಬೇರೆ ಸ್ವಿಚ್ಚು. 2005ರಲ್ಲಿ ಜಪಾನಿನ ಸಂಶೋಧಕರು ಇಲಿಗಳಲ್ಲಿ ಕೈಕಾಲಿನ ಸ್ವಿಚ್ಚನ್ನು ಮಾತ್ರ ತೆಗೆದುಹಾಕಿದಾಗ, ಕೈಕಾಲು ಮೊಟಕಾದ ಮರಿಗಳು ಹುಟ್ಟಿದವು. ದೇಹದ ಉಳಿದ ಭಾಗಗಳು ಸರಿಯಾಗಿದ್ದವು.

ಅಜ್ಜಿಯ ಪ್ರಶ್ನೆಗೆ ಉತ್ತರ ದೊರೆತದ್ದು ಇದೇ ಸ್ವಿಚ್ಚಿನಲ್ಲಿ. ಹೆಬ್ಬೆರಳಿನ ಬದಿಗೆ ಹೆಚ್ಚುವರಿ ಬೆರಳು ವಂಶದಲ್ಲಿ ಇಳಿದು ಬಂದಿದ್ದ ಹಾಲೆಂಡ್, ಬೆಲ್ಜಿಯಂ ಮತ್ತು ಕ್ಯೂಬಾದ ಕೆಲವು ಕುಟುಂಬಗಳನ್ನು ಪರೀಕ್ಷಿಸಿದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಸ್ವಿಚ್ಚಿನ ಬರಹದಲ್ಲಿ ಒಂದು ಅಕ್ಷರ, ಒಂದೇ ಒಂದು ಅಕ್ಷರ, ಬದಲಾಗಿತ್ತು. ಅಂಥ ಬದಲಾವಣೆಯಾದಾಗ ಜೀನು ಕಿರುಬೆರಳಿನ ಅಂಚಿನಲ್ಲಷ್ಟೇ ಅಲ್ಲದೆ ಹೆಬ್ಬೆರಳಿನ ಬದಿಯಲ್ಲಿಯೂ ಎಚ್ಚೆತ್ತು, ಅಲ್ಲಿಯೂ ಒಂದು ಬೆರಳನ್ನು ಮೂಡಿಸುತ್ತದೆ. ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೆ ವಾಸವಾಗಿದ್ದ ಕೀ ವೆಸ್ಟ್‌ನ ಮನೆಯಲ್ಲಿ ಆರು ಬೆರಳಿನ ಬೆಕ್ಕುಗಳಿವೆ. 2008ರಲ್ಲಿ ಅವುಗಳನ್ನು ಪರೀಕ್ಷಿಸಿದಾಗಲೂ ಇದೇ ಸ್ವಿಚ್ಚಿನಲ್ಲಿ ಒಂದಕ್ಷರದ ವ್ಯತ್ಯಾಸ ಕಂಡಿತು. ಬೆಕ್ಕು ಯಾವ ಗ್ರಹಣದಲ್ಲಿ ಸೌತೆಕಾಯಿ ಹೆಚ್ಚೀತು?

ಹಾವಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹಾವುಗಳ ಪೂರ್ವಿಕರಿಗೆ ಕಾಲುಗಳಿದ್ದವು. ಹೆಬ್ಬಾವಿನ ಬಾಲದ ಬುಡದಲ್ಲಿ ಇಂದಿಗೂ ಹಿಂಗಾಲಿನ ಅವಶೇಷವಾಗಿ ಎರಡು ಮೊಳೆಗಳಂಥ ಉಗುರುಗಳಿವೆ. ಬಳಸದ ಅಂಗ ಸೊರಗಿ, ಆ ಸೊರಗು ಮಕ್ಕಳಿಗೂ ಇಳಿಯುತ್ತದೆಂದು ನಾವೇ ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇವೆ. ಅದು ತಪ್ಪು. ನಮ್ಮಲ್ಲಿ ಓದಿ ಹೋದವರು ಈ ಪುಟವನ್ನು ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು. 2016ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಇಲಿಯ ಸ್ವಿಚ್ಚನ್ನು ತೆಗೆದು, ಆ ಜಾಗದಲ್ಲಿ ಬೇರೆ ಬೇರೆ ಪ್ರಾಣಿಗಳ ಸ್ವಿಚ್ಚನ್ನು ಇಟ್ಟು ನೋಡಿದರು. ಮನುಷ್ಯನದನ್ನು ಇಟ್ಟಾಗ ಇಲಿಗೆ ಸರಿಯಾದ ಕಾಲುಗಳೇ ಬಂದವು. ಕಾಲೇ ಇಲ್ಲದ ಮೀನಿನದನ್ನು ಇಟ್ಟಾಗಲೂ ಬಂದವು, ಏಕೆಂದರೆ ಮೀನಿನ ಈಜುರೆಕ್ಕೆಗೂ ನಮ್ಮ ಕೈಗೂ ಮೂಲ ಒಂದೇ. ಹೆಬ್ಬಾವಿನ ಮತ್ತು ಕಾಳಿಂಗದ ಸ್ವಿಚ್ಚನ್ನು ಇಟ್ಟಾಗ ಮಾತ್ರ ಮೊಟಕು ಕಾಲುಗಳ ಇಲಿ ಹುಟ್ಟಿತು. ಹಾವಿನ ಸ್ವಿಚ್ಚಿನಲ್ಲಿ 17 ಅಕ್ಷರಗಳ ಒಂದು ತುಣುಕು ಅಳಿಸಿಹೋಗಿತ್ತು. ಅದನ್ನು ಮರಳಿ ಸೇರಿಸಿದಾಗ ಇಲಿಗೆ ಮತ್ತೆ ಕಾಲು ಬಂತು! ಹಾವು ತನ್ನ ಕಾಲನ್ನು ಕಳೆದುಕೊಂಡದ್ದು ಈ ಒಂದೇ ಕಾರಣದಿಂದ ಎಂದು ತಿಳಿಯಬಾರದು. ಇನ್ನೂ ಹಲವು ಬದಲಾವಣೆಗಳು ಸೇರಿರುತ್ತವೆ. ಆದರೆ ಜೀನು ಮಾತ್ರ ಹಾವಿನಲ್ಲಿ ಈಗಲೂ ಇದೆ, ದೇಹದ ಬೇರೆಡೆ ದುಡಿಯುತ್ತಿದೆ. ಕಾಳಿಂಗದ ಮಾತು ಬಂದುದರಿಂದ ಇನ್ನೊಂದು ಸಂಗತಿ: ನಮ್ಮ ಪಶ್ಚಿಮಘಟ್ಟದ ಕಾಳಿಂಗವು ಪ್ರತ್ಯೇಕ ಜಾತಿಯೆಂದು 2024ರಲ್ಲಿ ಸಂಶೋಧಕರು ನಿರ್ಣಯಿಸಿ, ಅದರ ವೈಜ್ಞಾನಿಕ ನಾಮದಲ್ಲಿ 'ಕಾಳಿಂಗ' ಎಂಬ ನಮ್ಮ ಕನ್ನಡದ ಹೆಸರನ್ನೇ ಇರಿಸಿದ್ದಾರೆ.

ಆರು ಬೆರಳಿಗೆ ಕಾರಣಗಳು ಹಲವಿವೆ. ನಮ್ಮ ಶಾಲೆಯ ಮಗುವಿನದು ಇದೇ ಎಂದು ಪರೀಕ್ಷೆಯಿಲ್ಲದೆ ಹೇಳುವ ಅಧಿಕಾರ ನಮಗಿಲ್ಲ. ಇದನ್ನೆಲ್ಲ ಓದಿಕೊಂಡ ಬಳಿಕ ಒಂದು ಸಂಜೆ ಅವರ ಮನೆಗೆ ಹೋಗಿ, ಹಾವಿನ ಮತ್ತು ಬೆಕ್ಕಿನ ಕಥೆಯನ್ನು ಜಗಲಿಯಲ್ಲಿ ಕುಳಿತು ಹೇಳಿದೆವು. ಹಿಂದೆ ಮನೆತನದಲ್ಲಿ ಯಾರಿಗಾದರೂ ಹೀಗೆ ಇತ್ತೇ ಎಂದು ಕೇಳಿದೆವು. ಅಜ್ಜಿಯವರು ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು. ಕೊನೆಗೆ, "ನನ್ನ ಅಣ್ಣನ ಹೆಬ್ಬೆರಳಿಗೆ ಎರಡು ಉಗುರಿತ್ತು ಮಾಷ್ಟ್ರೇ" ಎಂದರು. ಒಳಗಿನಿಂದ ಚಹಾ ತಂದ ಸೊಸೆ ಅದನ್ನು ಕೇಳಿಸಿಕೊಂಡು ಅಲ್ಲಿಯೇ ನಿಂತರು.

ಮಗುವಿನ ಕೈಯ ಎಕ್ಸ್‌ರೇ ತೆಗೆಸಲಾಗಿದೆ. ಬೆರಳನ್ನು ತೆಗೆಸಬೇಕೆ, ಬಿಡಬೇಕೆ ಎಂಬುದನ್ನು ವೈದ್ಯರೊಡನೆ ಆಲೋಚಿಸುವುದಾಗಿ ಮನೆಯವರು ಹೇಳಿದ್ದಾರೆ.

ಹಾವಿಗೆ ಕಿವಿ ಇದೆಯೇ ಎಂದು ಓದುಗರೊಬ್ಬರು ಕಾಗದ ಬರೆದು ಕೇಳಿದ್ದಾರೆ. ಅದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.