ಹವಳದ ಹೊದಿಕೆ: ಒಂದು ಪ್ರತಿಕ್ರಿಯೆ

ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರ ಹಾಗೂ ಮಧ್ಯಭಾಗಗಳಲ್ಲಿ 2022ರಲ್ಲಿ ಹವಳದ ಹೊದಿಕೆ 36 ವರ್ಷಗಳಲ್ಲೇ ಅತ್ಯಧಿಕವಾಗಿದ್ದುದರಿಂದ, ಬಿಳಿಚುವಿಕೆಯ ಭೀತಿ ಅತಿರಂಜಿತವೆಂಬುದು ಕಳೆದ ಸಂಚಿಕೆಯ ಲೇಖಕರ ವಾದ. ಅಂಕಿ ನಿಜ; ತೀರ್ಮಾನ ನಿರಾಧಾರ. ಆ ವೃದ್ಧಿಯ ಬಹುಭಾಗ ಶೀಘ್ರವಾಗಿ ಬೆಳೆಯುವ ಆಕ್ರೊಪೊರ ಕುಲದ್ದು. ಕಡಲು ಕಾದೊಡನೆ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುವುದರಲ್ಲಿಯೂ, ಚಂಡಮಾರುತಕ್ಕೆ ಮುರಿಯುವುದರಲ್ಲಿಯೂ, ವರ್ಷಕ್ಕೆ ಸುಮಾರು 10 ಚದರ ಮೀಟರು ಹವಳವನ್ನು ಭಕ್ಷಿಸಬಲ್ಲ ಮುಳ್ಳುಕಿರೀಟದ ನಕ್ಷತ್ರಮೀನಿಗೆ ಪ್ರಿಯಾಹಾರವಾಗುವುದರಲ್ಲಿಯೂ ಮುಂದಾಗಿರುವುದು ಆ ಕುಲವೇ. ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟೇ ಬೆಳೆಯುವ, ಶತಮಾನಗಳ ವಯಸ್ಸಿನ ಪೊರೈಟಿಸ್ ಹವಳದ ಗುಡ್ಡೆಯೊಂದು ಸತ್ತರೆ, ಆ ನಷ್ಟವನ್ನು ಒಟ್ಟು ಹೊದಿಕೆಯ ಅಂಕಿ ಎಂದಿಗೂ ಹೇಳಲಾರದು. 2024ರ ತೀವ್ರ ಬಿಳಿಚುವಿಕೆ, ಚಂಡಮಾರುತ, ನಕ್ಷತ್ರಮೀನುಗಳ ಬಳಿಕ, ಆಸ್ಟ್ರೇಲಿಯದ ಸಾಗರವಿಜ್ಞಾನ ಸಂಸ್ಥೆಯ 2025ರ ವರದಿಯಂತೆ, ಉತ್ತರಭಾಗದ ಹೊದಿಕೆ ಶೇಕಡಾ 39.8ರಿಂದ 30ಕ್ಕೆ ಕುಸಿಯಿತು.