ಪ್ರವಾಸದಲ್ಲಿ ಮಕ್ಕಳ ಕೈಗೂ ಕೆಲಸವಿರಲಿ

ಪ್ರವಾಸದ ತಿಂಗಳು ಬಂತೆಂದರೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಮುಂದೆ ಶಾಲಾ ಬಸ್ಸುಗಳು ನಿಲ್ಲುತ್ತವೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯ ಈ ತಾಣದಲ್ಲಿ ಹಳ್ಳಿಯ ಬದುಕು, ದುಡಿಮೆ ಆಳೆತ್ತರದ ಶಿಲ್ಪಗಳಾಗಿವೆ. ನೋಡಲೇಬೇಕಾದ ಜಾಗ, ಅನುಮಾನವಿಲ್ಲ. ಆದರೆ ಮಕ್ಕಳು ಸಾಲಾಗಿ ಬಂದು, ಫೋಟೊ ತೆಗೆಸಿಕೊಂಡು ಮತ್ತೆ ಬಸ್ಸು ಹತ್ತಿದರೆ ಕಲಿತದ್ದೇನು?

ಕೂರಿಗೆ ಬಿತ್ತನೆಯನ್ನೇ ತೆಗೆದುಕೊಳ್ಳಿ. ಬಟ್ಟಲಿಗೆ ಬೀಜ ಬಿಡುವ ಕೈ ಬಿಗಿಯಾದರೆ ಸಾಲು ಬರಿದು, ಸಡಿಲಾದರೆ ಪೈರು ದಟ್ಟ. ಈ ಹದವನ್ನು ಶಿಲ್ಪ ಕಲಿಸಲಾರದು. ಅಮೆರಿಕದ ಅಯೋವಾ ರಾಜ್ಯದಲ್ಲಿ 1970ರಲ್ಲಿ ಶುರುವಾದ ‘ಲಿವಿಂಗ್ ಹಿಸ್ಟರಿ ಫಾರ್ಮ್ಸ್’ನಲ್ಲಿ 1900ರ ಕಾಲದ ಬೇಸಾಯವನ್ನು ಕುದುರೆ ಕಟ್ಟಿಯೇ ಮಾಡುತ್ತಾರೆ. ಆ ಕಾಲದ ಉಡುಪು ತೊಟ್ಟ ಸಿಬ್ಬಂದಿ ಕೆಲಸ ಮಾಡುತ್ತಲೇ ಮಕ್ಕಳಿಗೆ ವಿವರಿಸುತ್ತಾರೆ.

ನಮ್ಮಲ್ಲಿ ಇದಕ್ಕೆ ಜನರಿಲ್ಲವೇ? ಜಾನಪದ ವಿಶ್ವವಿದ್ಯಾಲಯ ಇರುವುದೂ ಇದೇ ಗೊಟಗೋಡಿಯಲ್ಲಿ. ಜಾನಪದ ಓದಿದ ನನ್ನಂಥವರಿಗೆ ‘ಮುಂದೇನು ಕೆಲಸ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಸುತ್ತಲಿನ ಊರುಗಳಲ್ಲಿ ಕೂರಿಗೆ ಹಿಡಿದು ಪಳಗಿದ ಹಿರಿಯರೂ ಇದ್ದಾರೆ. ಪ್ರವಾಸದ ತಿಂಗಳುಗಳಲ್ಲಾದರೂ ಇಬ್ಬರನ್ನೂ ಸಂಭಾವನೆ ಕೊಟ್ಟು ಕರೆಸಲಿ. ಹಿರಿಯರು ಮಾಡಿ ತೋರಿಸಲಿ, ನಾವು ವಿವರಿಸುತ್ತೇವೆ, ಮಕ್ಕಳು ತಾವೇ ಮಾಡಿ ನೋಡಲಿ.

ಶಾಲೆಗಳೂ ಒಂದೇ ದಿನ ನಾಲ್ಕೈದು ಕಡೆ ಸುತ್ತಿಸುವ ಆತುರ ಬಿಟ್ಟು ಇಂಥ ಒಂದು ಜಾಗಕ್ಕೆ ಅರ್ಧ ದಿನ ಮೀಸಲಿಡಲಿ. ತಾನೇ ಹಿಡಿ ಕಾಳು ಬಿತ್ತಿ ನೋಡಿದ ಮಗು ತಟ್ಟೆಯಲ್ಲಿ ಅನ್ನ ಬಿಡುವ ಮುನ್ನ ಒಮ್ಮೆ ಯೋಚಿಸುತ್ತದೆ.