ಒಂದು ಬೋಗಿಯಲ್ಲಿ ಹಿಡಿಸುವ ಘಟ್ಟ

ನೈಋತ್ಯ ರೈಲ್ವೆಯ ಪ್ರಧಾನ ವ್ಯವಸ್ಥಾಪಕರಿಗೆ,
ಹುಬ್ಬಳ್ಳಿ

ಮಾನ್ಯರೇ,

ಮೊದಲಿಗೆ ಒಂದು ಅಳತೆ: 16 ಮೀಟರ್ 40 ಸೆಂಟಿಮೀಟರ್. ಹುಬ್ಬಳ್ಳಿ–ಅಂಕೋಲಾ ಮಾರ್ಗದ 164 ಕಿಲೋಮೀಟರನ್ನು ಹತ್ತು ಸಾವಿರ ಪಟ್ಟು ಕುಗ್ಗಿಸಿದರೆ ಸಿಗುವ ಉದ್ದ ಇದು. ಮಾರ್ಗ ಬಳಸಿ ಬಳಸಿ ಹೋಗುವುದರಿಂದ ನೆಲದ ಮಾದರಿ ಇದಕ್ಕಿಂತಲೂ ಚಿಕ್ಕದಾಗುತ್ತದೆ. ತಮ್ಮಲ್ಲಿರುವ ಹಳೆಯ ನೀಲಿ ಐಸಿಎಫ್ ಬೋಗಿ 21 ಮೀಟರ್‌ಗಿಂತ ತುಸು ಉದ್ದ. ಸೀಟು ಬಿಚ್ಚಿಸಿ ನಡುವೆ ಒಂದು ಮೀಟರ್ ಅಗಲದ ಮೇಜು ಹಾಕಿಸಿದರೆ, ಹತ್ತು ಕಿಲೋಮೀಟರ್ ಅಗಲದ ಕಾಡು, ಹಳ್ಳ, ಗದ್ದೆ, ಊರುಗಳ ಸಮೇತ ಇಡೀ ಘಟ್ಟ ಅದರ ಮೇಲೆ ಕೂರುತ್ತದೆ. ಸುತ್ತ ನಿಂತು ನೋಡಲು ಜಾಗವೂ ಉಳಿಯುತ್ತದೆ. ಅಂಥದೊಂದು ಬೋಗಿಯನ್ನು ತಾವು ಮಾಡಿಸಬೇಕು, ಮಾರ್ಗದ ಬಗ್ಗೆ ಕೊನೆಯ ತೀರ್ಮಾನವಾಗುವ ಮೊದಲೇ ಜನ ಅದನ್ನು ಹತ್ತಿ ನೋಡುವಂತಾಗಬೇಕು. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ನಾನು ಸಾಗರದವನು. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಅಪ್ಪಯ್ಯ ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ಮಾರ್ಗದಲ್ಲಿ ಕೀಮನ್ ಆಗಿದ್ದರು. ಕೀಮನ್ ಎಂದರೆ ಯಾರು, ತನ್ನ ಪಾಲಿನ ಹಳಿಯನ್ನು ಅವನು ದಿನವೂ ಹೇಗೆ ಪೂರ್ತಿ ನಡೆದು ನೋಡುತ್ತಾನೆ ಎಂಬುದನ್ನು ತಮಗೆ ಹೇಳಬೇಕಾಗಿಲ್ಲ. ಅಪ್ಪಯ್ಯನ ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕೈಚೀಲದಲ್ಲಿ ಸ್ಪ್ಯಾನರು, ಕೆಂಪು ಹಸಿರು ಬಾವುಟ, ಮಳೆಗಾಲವಾದರೆ ತಲೆಯ ಮೇಲೆ ಕಂಬಳಿ ಕೊಪ್ಪೆ. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಸಡಿಲವಾದ ಕೀಲಿಗೆ ಏಟು ಬಿದ್ದಾಗ ಒಂದು ಸದ್ದು, ಬಿಗಿಯಾಗಿದ್ದುದಕ್ಕೆ ಬಿದ್ದಾಗ ಇನ್ನೊಂದು ಸದ್ದು. ಎಷ್ಟೋ ವರ್ಷಗಳ ನಂತರ ತರಗತಿಯಲ್ಲಿ ಶಬ್ದದ ಪಾಠ ಮಾಡುವಾಗಲೂ ನನ್ನ ಕಿವಿಯಲ್ಲಿ ಇದ್ದದ್ದು ಆ ಎರಡು ಸದ್ದುಗಳೇ.

ಆದರೆ ಅಪ್ಪಯ್ಯನ ಕಣ್ಣು ಮೊದಲು ಹೋಗುತ್ತಿದ್ದುದು ಹಳಿಯ ಕಡೆಗಲ್ಲ. ಕುಂಸಿ, ಅರಸಾಳು, ಆನಂದಪುರ ದಾಟಿ ಬರುವ ಆ ಮಾರ್ಗದಲ್ಲಿ ಗುಡ್ಡ ಕಡಿದು ಹಾದಿ ಮಾಡಿದ ಜಾಗಗಳಿವೆ. ಅಲ್ಲಿ ಬಂದೊಡನೆ ನಿಂತು, ಬದಿಯ ಚರಂಡಿಯನ್ನೂ ಮೇಲಿನ ಧರೆಯನ್ನೂ ನೋಡುತ್ತಿದ್ದರು. "ನೀರು ಎಲ್ಲೋಗ್ತದೆ ನೋಡ್ಕಾ ಮೊದ್ಲು. ಕಂಬಿ ಆಮೇಲೆ" ಎನ್ನುತ್ತಿದ್ದರು. ಧರೆಯಲ್ಲಿ ಹೊಸದಾಗಿ ಒರತೆ ಕಂಡರೆ ಅವತ್ತು ಊಟಕ್ಕೆ ಮನೆಗೆ ಬರುತ್ತಿರಲಿಲ್ಲ, ಗ್ಯಾಂಗಿನವರನ್ನು ಕರೆದು ಚರಂಡಿ ಬಿಡಿಸುವವರೆಗೆ ಅಲ್ಲೇ ಇರುತ್ತಿದ್ದರು.

ಆ ಮಾರ್ಗದಲ್ಲಿ ಕೊನೆಕೊನೆಗೆ ರೈಲ್‌ಬಸ್ ಓಡುತ್ತಿತ್ತು. ಬಸ್ಸಿನ ಮೈ, ರೈಲಿನ ಗಾಲಿ. ಚಾಲಕ ಕೂರುವ ಜಾಗ ಒಂದೇ ತುದಿಗೆ. ಹಾಗಾಗಿ ತಾಳಗುಪ್ಪ ಮುಟ್ಟಿದ ಮೇಲೆ ಅದನ್ನು ತಿರುಗುಕಟ್ಟೆಯ ಮೇಲೆ ನಿಲ್ಲಿಸಿ, ಕೈಯಿಂದಲೇ ತಳ್ಳಿ ಮುಖ ತಿರುಗಿಸಬೇಕಿತ್ತು. ಗಾಣಕ್ಕೆ ಹೆಗಲು ಕೊಟ್ಟ ಹಾಗೆ ನಾಲ್ಕಾರು ಜನ ಹೆಗಲು ಕೊಟ್ಟರೆ ಅಷ್ಟು ದೊಡ್ಡ ಗಾಡಿ ಸದ್ದಿಲ್ಲದೆ ತಿರುಗುತ್ತಿತ್ತು. ನಾನೂ ಒಂದೆರಡು ಬಾರಿ ತಳ್ಳಿದ್ದೇನೆ. ಕಬ್ಬಿಣ ಅಷ್ಟು ಹಗುರಾಗಿ ಮಾತು ಕೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಮೇಲೆ ಗೇಜ್ ಪರಿವರ್ತನೆಗಾಗಿ ಹಳಿ ಕಿತ್ತರು, 2011ರಲ್ಲಿ ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ಬಂತು. ಬಂದದ್ದು ಒಳ್ಳೆಯದೇ ಆಯಿತು. ಇವತ್ತು ನಮ್ಮ ಊರಿನ ಮಕ್ಕಳು ರಾತ್ರಿ ಹತ್ತಿ ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿ ಇಳಿಯುತ್ತಾರೆ. ಅರಸಾಳಿನ ಹಳೆಯ ನಿಲ್ದಾಣ 'ಮಾಲ್ಗುಡಿ ಡೇಸ್' ಧಾರಾವಾಹಿಯ ಚಿತ್ರೀಕರಣ ನಡೆದ ಜಾಗವೆಂದು ಗುರುತಿಸಿ, ಬೀಳಿಸದೆ ಉಳಿಸಿ, ವಸ್ತುಸಂಗ್ರಹಾಲಯ ಮಾಡಿದ್ದು ತಮ್ಮ ರೈಲ್ವೆಯೇ. ಅದಕ್ಕೆ ನಮ್ಮ ಭಾಗದವರೆಲ್ಲ ಕೃತಜ್ಞರು.

ಹೋದದ್ದನ್ನು ನಾನು ಮನೆಯ ಅಟ್ಟದಲ್ಲಿ ಕಟ್ಟಿಕೊಂಡೆ. 1:87ರ ಅಳತೆ, ಅಂದರೆ ಮೀಟರ್‌ಗೇಜ್ ಹಳಿಗಳ ನಡುವಿನ ಅಂತರ 12 ಮಿಲಿಮೀಟರ್. ನಮ್ಮ ವೈಡಿಎಂ–4 ಡೀಸೆಲ್ ಎಂಜಿನ್ನು ಆ ಅಳತೆಯಲ್ಲಿ ನನಗೆಲ್ಲೂ ಸಿಗಲಿಲ್ಲ. ಜರ್ಮನಿಯಲ್ಲಿರುವ ಅಳಿಯ ಸ್ವಿಟ್ಜರ್‌ಲೆಂಡಿನ ಮೀಟರ್‌ಗೇಜ್ ರೈಲಿನ ಮಾದರಿಯೊಂದನ್ನು ತಂದುಕೊಟ್ಟ. ಅದರ ಗಾಲಿ ಮೋಟಾರು ಉಳಿಸಿಕೊಂಡು, ಮೇಲಿನ ಮೈಯನ್ನು ರಟ್ಟಿನಲ್ಲಿ ಕತ್ತರಿಸಿ ಕೂರಿಸಿದೆ. ನಿಲ್ದಾಣದ ಮಂಗಳೂರು ಹೆಂಚಿಗೆ ಏಣು ರಟ್ಟು, ಜಲ್ಲಿಗೆ ಜರಡಿ ಹಿಡಿದ ಹೊಳೆಮರಳು, ಕಾಡಿಗೆ ಬಣ್ಣ ಕಟ್ಟಿದ ಮರದ ಹೊಟ್ಟು. ತಿರುಗುಕಟ್ಟೆಗೆ ಮೋಟಾರು ಹಾಕಿಲ್ಲ, ಈಗಲೂ ಬೆರಳಿನಿಂದಲೇ ತಳ್ಳಬೇಕು. ಪುಣೆಯ ಕೋತ್ರೂಡಿನಲ್ಲಿ ಜೋಶಿಯವರು 1998ರಲ್ಲಿ ತೆರೆದ ಪುಟಾಣಿ ರೈಲುಗಳ ವಸ್ತುಸಂಗ್ರಹಾಲಯವನ್ನು ನೋಡಿ ಬಂದ ಮೇಲೆಯೇ ನನಗೆ ಈ ಕೆಲಸದಲ್ಲಿ ಧೈರ್ಯ ಬಂದದ್ದು.

ಅಟ್ಟದಲ್ಲಿ ತಾಳಗುಪ್ಪ ಮುಗಿದ ಮೇಲೆ ಮನಸ್ಸು ಮುಂದಕ್ಕೆ ಹೋಯಿತು. ತಾಳಗುಪ್ಪದಿಂದ ಹೊನ್ನಾವರಕ್ಕೆ ರೈಲು ಇಳಿಸಬೇಕೆನ್ನುವುದು ನಮ್ಮ ಭಾಗದ ಹಳೆಯ ಆಸೆ. ನಿಜದಲ್ಲಿ ಆಗದ್ದನ್ನು ಮಾದರಿಯಲ್ಲಾದರೂ ಮಾಡೋಣವೆಂದು ಲೆಕ್ಕಕ್ಕೆ ಕೂತೆ. ತಾಳಗುಪ್ಪ ಸಮುದ್ರಮಟ್ಟಕ್ಕಿಂತ ಆರುನೂರು ಮೀಟರಿನ ಆಸುಪಾಸು ಎತ್ತರದಲ್ಲಿದೆ. 1:87ರಲ್ಲಿ ಅದು ಏಳು ಮೀಟರ್, ಎರಡು ಅಂತಸ್ತಿನ ಮನೆಯಷ್ಟು. ಸಕಲೇಶಪುರ ಘಟ್ಟದಲ್ಲಿರುವಂತೆ 50 ಮೀಟರ್ ಹೋದರೆ ಒಂದು ಮೀಟರ್ ಇಳಿಯುವ ಹಾದಿ ಹಾಕಿದರೆ 30 ಕಿಲೋಮೀಟರ್ ಇಳಿಯಬೇಕು, ಮಾದರಿಯಲ್ಲಿ ಅದೇ 345 ಮೀಟರ್. ಅಷ್ಟು ಜಾಗ ನಮ್ಮ ಕೇರಿಯಲ್ಲೇ ಇಲ್ಲ. ಸರಿ, ಇಳಿಜಾರನ್ನೇ ಕಡಿದಾಗಿಸಿ 25ಕ್ಕೆ ಒಂದು ಇಟ್ಟೆ. ನಾಲ್ಕು ಬೋಗಿ ಎಳೆದುಕೊಂಡು ಏರಹೊರಟ ಎಂಜಿನ್ನು ಅರ್ಧದಲ್ಲೇ ನಿಂತಿತು. ಗಾಲಿ ತಿರುಗುತ್ತಿದೆ, ಗಾಡಿ ನಿಂತಲ್ಲೇ ಇದೆ.

ಆ ದಿನ ನನಗೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟ ಮೊದಲ ಸಲ ಅರ್ಥವಾಯಿತು. 55 ಕಿಲೋಮೀಟರಿನಲ್ಲಿ 57 ಸುರಂಗ ಏಕೆ, ನೂರಕ್ಕೂ ಹೆಚ್ಚು ಸೇತುವೆ ಏಕೆ, ಹಿಂದಿನಿಂದ ತಳ್ಳಲು ಬೇರೆ ಎಂಜಿನ್ನು ಏಕೆ ಎಂಬುದು ಕಣ್ಣಿಗೆ ಕಂಡಿತು. ಇಳಿಜಾರನ್ನು ಸೌಮ್ಯ ಮಾಡಿದಷ್ಟೂ ಗಾಡಿಗೆ ಸುಖ, ಆದರೆ ಹಾದಿ ಉದ್ದವಾಗುತ್ತದೆ, ಅಷ್ಟುದ್ದವೂ ಕಾಡಿನೊಳಗೇ. ಕಡಿದಾಗಿಸಿದರೆ ಕಾಡು ಉಳಿದೀತು, ಗಾಡಿ ಏದುತ್ತದೆ. ಸುರಂಗ ಕೊರೆದರೆ ಮೇಲಿನ ಮರ ಉಳಿಯುತ್ತದೆ, ಒಳಗಿಂದ ತೆಗೆದ ಕಲ್ಲುಮಣ್ಣು ಯಾವುದೋ ಕಣಿವೆಯಲ್ಲಿ ಬೀಳಲೇಬೇಕು.

ನನ್ನ ಮಾತು ಹುಬ್ಬಳ್ಳಿ–ಅಂಕೋಲಾಕ್ಕೆ ತಿರುಗುವುದು ಇಲ್ಲಿಂದ. ಆ ಮಾರ್ಗ ಮಂಜೂರಾಗಿ ಕಾಲು ಶತಮಾನ ದಾಟಿದೆ. ಬಳ್ಳಾರಿ–ಹೊಸಪೇಟೆಯ ಅದಿರನ್ನು ಕರಾವಳಿಯ ಬಂದರಿಗೆ ಮುಟ್ಟಿಸುವುದು ಅದರ ಮೊದಲ ಲೆಕ್ಕಾಚಾರದ ದೊಡ್ಡ ಭಾಗವಾಗಿತ್ತು. 2010ರಲ್ಲಿ ರಾಜ್ಯ ಅದಿರು ರಫ್ತನ್ನೇ ನಿಲ್ಲಿಸಿತು, ಆ ಲೆಕ್ಕ ಅಲ್ಲಾಡಿತು. ಸುಮಾರು 595 ಹೆಕ್ಟೇರ್ ಅರಣ್ಯ ಮತ್ತು ಎರಡು ಲಕ್ಷಕ್ಕೂ ಹೆಚ್ಚು ಮರಗಳ ಮಾತು ಬಂತು. 2020ರ ಮಾರ್ಚ್ 20ರಂದು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು, ಅದೇ ವರ್ಷ ಹೈಕೋರ್ಟು ತಡೆ ನೀಡಿತು. ಇಷ್ಟು ವರ್ಷಗಳಲ್ಲಿ ಈ ಮಾರ್ಗದ ಬಗ್ಗೆ ಎಷ್ಟು ಸಭೆ, ಎಷ್ಟು ಮನವಿ, ಎಷ್ಟು ಮೆರವಣಿಗೆ! ಎರಡೂ ಕಡೆಯವರ ಸಭೆಗಳಿಗೆ ನಾನು ಹೋಗಿ ಕೂತಿದ್ದೇನೆ. ಎರಡೂ ಕಡೆ ನನಗೆ ಕಾಣದೇ ಹೋದದ್ದು ಒಂದೇ: ಆ ಗೆರೆ ನೆಲದ ಮೇಲೆ ಎಲ್ಲಿ ಹಾದುಹೋಗುತ್ತದೆ ಎಂಬುದು. ಯಾವ ಹಳ್ಳವನ್ನು ಎಲ್ಲಿ ದಾಟುತ್ತದೆ, ಯಾವ ಗುಡ್ಡವನ್ನು ಸೀಳುತ್ತದೆ, ಯಾವುದರ ಹೊಟ್ಟೆಯೊಳಗೆ ಹೋಗುತ್ತದೆ, ಯಾರ ತೋಟದ ಮೇಲಿನ ಧರೆ ಕಡಿಯುತ್ತದೆ? ವರದಿಗಳಲ್ಲಿ ಇದೆಲ್ಲ ಇದ್ದೀತು. ಅಡಿಕೆ ಕೊನೆ ಇಳಿಸಿ ಬಂದ ಯಲ್ಲಾಪುರದ ರೈತ ಆ ವರದಿಯ ನಕ್ಷೆಯಲ್ಲಿ ತನ್ನ ತೋಟ ಹುಡುಕಲಾರ. ಮಾದರಿಯ ಮುಂದೆ ನಿಂತರೆ ಒಂದು ನಿಮಿಷದಲ್ಲಿ ಬೆರಳಿಟ್ಟು ತೋರಿಸುತ್ತಾನೆ.

ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ನಾನು ರೈಲಿನ ಅನ್ನ ಉಂಡು ಬೆಳೆದವನು, ಕರಾವಳಿಗೂ ಹುಬ್ಬಳ್ಳಿಗೂ ನಡುವೆ ರೈಲು ಬೇಕು ಎನ್ನುವವನು. ಇವತ್ತು ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹಳಿಯ ಮೇಲೇ ಹೋಗುವೆನೆಂದರೆ ಲೋಂಡಾ, ಕ್ಯಾಸಲ್‌ರಾಕ್, ಕುಳೆಂ ದಾಟಿ ಮಡಗಾಂವಿಗೆ ಹೋಗಿ, ಅಲ್ಲಿಂದ ಕೊಂಕಣ ರೈಲು ಹಿಡಿದು ಕಾರವಾರದ ಮೇಲೆ ತಿರುಗಿ ಬರಬೇಕು. ಆದರೆ 2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆ ಊರಿಗೆ ಊರೇ ಜಾರಿದ್ದನ್ನು ಹೋಗಿ ನೋಡಿದ ಮೇಲೆ ನನ್ನ 'ಬೇಕು' ಮೊದಲಿನಂತೆ ಉಳಿದಿಲ್ಲ. ತೋಟದ ನಡುವೆ ನೆಲ ಬಾಯಿಬಿಟ್ಟಿತ್ತು, ಅಡಿಕೆ ಮರಗಳು ನಿಂತ ನಿಲುವಿನಲ್ಲೇ ಕೆಳಗೆ ಹೋಗಿದ್ದವು. ಅದೇ ತಿಂಗಳು ಅರಬೈಲ್ ಘಟ್ಟದ ಹೆದ್ದಾರಿಯೂ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿ ನದಿಗೆ ನೂಕಿತು. ಅದಾದ ಹತ್ತು ದಿನಕ್ಕೆ ಸಕಲೇಶಪುರ ಘಟ್ಟದ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ, ಮಂಗಳೂರಿನ ರೈಲುಗಳು ನಿಂತವು. ಆ ಮಳೆಯಲ್ಲಿ ಹಗಲು ರಾತ್ರಿ ನಿಂತು ಹಳಿ ಸರಿಪಡಿಸಿದ ತಮ್ಮ ಸಿಬ್ಬಂದಿಯ ಚಿತ್ರಗಳನ್ನು ನೋಡುವಾಗ ನನಗೆ ಅಪ್ಪಯ್ಯನ ಮಾತೇ ನೆನಪಾಗುತ್ತಿತ್ತು. ನೀರು ಎಲ್ಲಿಗೆ ಹೋಗುತ್ತದೆ?

ಮಾದರಿ ಕಟ್ಟುವವರಿಗೆ ಇದನ್ನು ನೋಡಲು ಒಂದು ದಾರಿ ಗೊತ್ತು. ಗುಡ್ಡವನ್ನು ಗಾರೆಯಲ್ಲಿ ಮೆತ್ತಿ ಒಣಗಿಸಿದ ಮೇಲೆ, ಬಣ್ಣ ಹಚ್ಚುವ ಮೊದಲು, ನೆತ್ತಿಯ ಮೇಲೆ ಒಂದು ತಂಬಿಗೆ ನೀರು ಹೊಯ್ಯುತ್ತೇನೆ. ಹಳಿಗಾಗಿ ಎಲ್ಲಿ ಕಡಿದಿದ್ದೇನೋ ಅಲ್ಲಿಗೇ ನೀರು ಹುಡುಕಿಕೊಂಡು ಬರುತ್ತದೆ. ಮೊದಲು ಹತ್ತು ಕಡೆ ಹಂಚಿ ಇಳಿಯುತ್ತಿದ್ದ ಸಣ್ಣ ಹರಿವುಗಳು ಕಡಿದ ಅಂಚಿನಲ್ಲಿ ಒಟ್ಟಾಗಿ ಒಂದೇ ಕಡೆ ಧುಮುಕುತ್ತವೆ. ಅಪ್ಪಯ್ಯ ಊಟ ಬಿಟ್ಟು ಕಾಯುತ್ತಿದ್ದುದು ಅಂಥ ಜಾಗವನ್ನೇ. ಹುಬ್ಬಳ್ಳಿ–ಅಂಕೋಲಾ ಮಾದರಿಯಲ್ಲಿ ಬೇಡ್ತಿ ನದಿಯ ಕೊಳ್ಳಕ್ಕೆ ಇಳಿಯುವ ಪ್ರತಿಯೊಂದು ಹಳ್ಳವೂ ಇರಬೇಕು, ನೀರು ಬಿಟ್ಟು ತೋರಿಸುವಂತಿರಬೇಕು.

ಎತ್ತರದ ವಿಷಯದಲ್ಲಿ ಒಂದು ಮಾತು. ಹತ್ತು ಸಾವಿರ ಪಟ್ಟು ಕುಗ್ಗಿಸಿದಾಗ ಯಲ್ಲಾಪುರದಿಂದ ಸಮುದ್ರಕ್ಕೆ ಇರುವ ಇಳಿತ ಮೂರು ಬೆರಳಗಲಕ್ಕಿಂತ ಹೆಚ್ಚಿರುವುದಿಲ್ಲ. ನೋಡುವವರಿಗೆ ಇದೇನು ಮಹಾ ಘಟ್ಟ ಅನ್ನಿಸಬಹುದು, ಎತ್ತರವನ್ನಷ್ಟೇ ಹಿಗ್ಗಿಸಿದರೆ ಸುಳ್ಳು ಭಯ ಹುಟ್ಟಬಹುದು. ಎರಡೂ ಬೇಡ. ಇಡೀ ಮಾರ್ಗವನ್ನು ನಿಜ ಪ್ರಮಾಣದಲ್ಲೇ ಇಟ್ಟು, ಘಟ್ಟ ಇಳಿಯುವ ಭಾಗದ ಮೂರು ನಾಲ್ಕು ತುಣುಕುಗಳನ್ನು ಬೋಗಿಯ ಗೋಡೆಯುದ್ದಕ್ಕೆ ದೊಡ್ಡ ಅಳತೆಯಲ್ಲಿ ಬೇರೆಯಾಗಿ ಕಟ್ಟಬೇಕು. ಕಡಿಯುವ ಧರೆ, ಸುರಂಗದ ಬಾಯಿ, ಕಲ್ಲುಮಣ್ಣು ಸುರಿಯುವ ಜಾಗ, ಆನೆ ದಾಟುವ ಹಾದಿ ಅವುಗಳಲ್ಲಿ ಕಾಣಬೇಕು. ಪರ್ಯಾಯವಾಗಿ ಯೋಚಿಸಿದ ಗೆರೆಗಳಿದ್ದರೆ ಅವನ್ನೂ ಬೇರೆ ಬಣ್ಣದ ದಾರದಲ್ಲಿ ಹಾಸಬೇಕು. ಕೈಬಿಟ್ಟ ಗೆರೆಯನ್ನು ಯಾಕೆ ಕೈಬಿಟ್ಟಿರೆಂದು ಜನಕ್ಕೆ ತಿಳಿದರೆ ಉಳಿಸಿಕೊಂಡ ಗೆರೆಯ ಮೇಲೆ ನಂಬಿಕೆ ಬರುತ್ತದೆ, ಅಥವಾ ಸರಿಯಾದ ಪ್ರಶ್ನೆಯಾದರೂ ಬರುತ್ತದೆ.

ಇದು ರೈಲ್ವೆಗೆ ಹೊಸ ಕೆಲಸವೇನಲ್ಲ. 2007ರಿಂದ ಹತ್ತು ವರ್ಷ ಸೈನ್ಸ್ ಎಕ್ಸ್‌ಪ್ರೆಸ್ ದೇಶವೆಲ್ಲ ತಿರುಗಿತು, ಮಕ್ಕಳು ಸಾಲುಗಟ್ಟಿ ನಿಂತು ನೋಡಿದರು. ನಾನು ಕೇಳುತ್ತಿರುವುದು ಒಂದೇ ಬೋಗಿ. ಐಸಿಎಫ್ ಬೋಗಿಗಳ ತಯಾರಿಕೆ 2018ರಲ್ಲೇ ನಿಂತಿದೆ, ಹಳೆಯವು ಒಂದೊಂದಾಗಿ ಸೇವೆಯಿಂದ ಇಳಿಯುತ್ತಿವೆ. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಮರ, ತಗಡು, ಬಣ್ಣದ ಕೆಲಸ ಬಲ್ಲ ಕೈಗಳಿವೆ. 2020ರಲ್ಲಿ ತಾವೇ ತೆರೆದ ರೈಲ್ವೆ ವಸ್ತುಸಂಗ್ರಹಾಲಯದ ಬಳಿ ಈ ಬೋಗಿ ಮೊದಲು ನಿಲ್ಲಲಿ. ಆಮೇಲೆ ಗೋವಾದ ಹಾದಿಯಲ್ಲಿ ಸುತ್ತಿ ಕಾರವಾರಕ್ಕೆ, ಅಂಕೋಲಾಕ್ಕೆ ಹೋಗಲಿ. ಯಲ್ಲಾಪುರಕ್ಕೆ ಹಳಿಯಿಲ್ಲ, ಅಲ್ಲಿಗೆ ಬೋಗಿ ಬರಲಾರದು. ಅದಕ್ಕಾಗಿಯೇ ಮಾದರಿಯನ್ನು ಒಂದೊಂದು ಮೀಟರಿನ ತುಂಡುಗಳಲ್ಲಿ ಕಟ್ಟಿ ಬೋಲ್ಟ್ ಹಾಕಿ ಜೋಡಿಸಬೇಕು. ಬಿಚ್ಚಿ ಲಾರಿಯಲ್ಲಿ ಒಯ್ದು ಯಲ್ಲಾಪುರದ ಯಾವುದಾದರೂ ಶಾಲೆಯಲ್ಲಿ ಹರಡಬಹುದು. ಹೆಚ್ಚು ದಿನ ಇಡಬೇಕಾದದ್ದು ಅಲ್ಲಿಯೇ, ಏಕೆಂದರೆ ಕಳೆದುಕೊಳ್ಳುವುದೂ ಪಡೆಯುವುದೂ ಆ ತಾಲ್ಲೂಕಿಗೇ ಹೆಚ್ಚು.

ಬೋಗಿಯ ಬಾಗಿಲಲ್ಲಿ ಒಂದು ಪುಸ್ತಕ ಇಡಿಸಿ. ನೋಡಿದವರು ಅನಿಸಿದ್ದನ್ನು ಬರೆಯಲಿ, ಬರೆಯಲು ಬಾರದವರದ್ದನ್ನು ಬೇರೆಯವರು ಬರೆದುಕೊಡಲಿ. ಜೊತೆಗೆ ಪ್ರಶ್ನೆಗೆ ಉತ್ತರ ಹೇಳಬಲ್ಲ ಒಬ್ಬ ಎಂಜಿನಿಯರು ಮತ್ತು ಹಾದಿ ನಡೆದು ನೋಡಿದ ಒಬ್ಬ ಟ್ರ್ಯಾಕ್‌ಮನ್ ಇಬ್ಬರೂ ಇರಲಿ. ಟ್ರ್ಯಾಕ್‌ಮನ್ನನ್ನು ಬಿಡಬೇಡಿ. ಒರತೆ ಎಲ್ಲಿ ಏಳುತ್ತದೆಂದು ಅವನ ಕಾಲಿಗೆ ಗೊತ್ತಿರುತ್ತದೆ.

ತಾವು ಒಪ್ಪಿದರೆ ನನ್ನ ಕೈಲಾದ ಕೆಲಸಕ್ಕೆ ಹುಬ್ಬಳ್ಳಿಗೆ ಬಂದು ಉಳಿಯಲು ಸಿದ್ಧ, ಸಂಬಳ ಬೇಡ. ಆದರೆ ಅರಬೈಲ್ ಕಡೆಯ ಗುಡ್ಡಗಳನ್ನು ನೋಡಿ ಚಿತ್ರ ತೆಗೆದುಕೊಳ್ಳುವ ಕೆಲಸ ಮೇ ತಿಂಗಳೊಳಗೆ ಆಗಬೇಕು. ಮಳೆ ಹಿಡಿದರೆ ಅಲ್ಲಿ ನಾಲ್ಕು ತಿಂಗಳು ಮಂಜು ಕದಲುವುದಿಲ್ಲ. ಕಾಡಿಗೆ ಬೇಕಾದ ಮರದ ಹೊಟ್ಟನ್ನು ಸಾಮಿಲ್ಲಿನಿಂದ ತಂದು, ಜರಡಿ ಹಿಡಿದು, ಮೂರು ಬಗೆಯ ಹಸಿರಿನಲ್ಲಿ ಅದ್ದಿ ಒಣಗಿಸಿದ್ದೇನೆ. ಎರಡು ಚೀಲ ತುಂಬಿ ಅಟ್ಟದ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ತಾಳಗುಪ್ಪ ಮಾರ್ಗದ ಕೀಮನ್ ಒಬ್ಬರ ಮಗ
ಸಾಗರ